ಆದಾಯ ಮಿತಿ ಎಂದರೆ ಯಾರ ಆದಾಯ, ಯಾವ ಆದಾಯ? ಪಿಂಚಣಿ ಮತ್ತು ಸರ್ಕಾರಿ ನೆರವಿಗೆ ಅರ್ಜಿ ಹಾಕುವವರಿಗೆ ಮಾರ್ಗದರ್ಶಿ

ನಾಡಕಚೇರಿಯಲ್ಲಾಗಲಿ ಗ್ರಾಮ ಒನ್ ಕೇಂದ್ರದಲ್ಲಾಗಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ತುಂಬುವಾಗ ಕಂಪ್ಯೂಟರ್ ಮುಂದೆ ಕುಳಿತವರು ಕೇಳುವ ಮುಖ್ಯ ಪ್ರಶ್ನೆ ಒಂದೇ: “ವರ್ಷಕ್ಕೆ ಎಷ್ಟು ಅಂತ ಹಾಕಲಿ?” ಅದಕ್ಕೆ ನಮ್ಮವರು ಕೊಡುವ ಉತ್ತರವೂ ಹೆಚ್ಚುಕಡಿಮೆ ಒಂದೇ: “ಎಷ್ಟಿದ್ದರೆ ಆಗುತ್ತೋ ಅಷ್ಟು ಹಾಕಿ.” ಈ ಒಂದು ಮಾತಿನಿಂದ ಎಷ್ಟು ಅರ್ಜಿಗಳು ತಿಂಗಳುಗಟ್ಟಲೆ ಅಲೆದಾಡುತ್ತವೆ ಎಂಬುದು ಅಲೆದವರಿಗೆ ಗೊತ್ತು. ಕರ್ನಾಟಕದಲ್ಲಿ ಆದಾಯ ಪ್ರಮಾಣಪತ್ರವು ಒಮ್ಮೆ ಕೈಗೆ ಬಂದರೆ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಇಂದು ಪಿಂಚಣಿಗೆಂದು ಬರೆಸಿದ ಅಂಕಿ ನಾಳೆ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯಲ್ಲಿ, ನಾಡಿದ್ದು ಪಡಿತರ ಚೀಟಿಯ ಪರಿಶೀಲನೆಯಲ್ಲಿ ಎದುರಾಗುತ್ತದೆ. ಒಂದು ಕಡೆ ಕೊಟ್ಟ ಅಂಕಿ ಇನ್ನೊಂದು ಕಡೆ ಕೊಟ್ಟದ್ದಕ್ಕೆ ಹೊಂದದಿದ್ದರೆ, ವಿವರಣೆ ಕೊಡುವ ಹೊರೆ ನಿಮ್ಮದೇ ಆಗುತ್ತದೆ.

ಆದಾಯ ಮಿತಿಯನ್ನು ನಾವು ಒಂದು ಸಂಖ್ಯೆ ಎಂದು ತಿಳಿಯುತ್ತೇವೆ. ಅದು ವಾಸ್ತವದಲ್ಲಿ ಒಂದು ವ್ಯಾಖ್ಯೆ. ಯಾರ ಆದಾಯ, ಯಾವ ಮೂಲದ ಆದಾಯ, ಯಾವ ವರ್ಷದ ಆದಾಯ ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಂದು ಯೋಜನೆಯೂ ಬೇರೆ ಬೇರೆ ಉತ್ತರ ಇಟ್ಟುಕೊಂಡಿರುತ್ತದೆ. ಅರ್ಜಿ ಬರೆಯುವ ಮೊದಲು ಈ ಉತ್ತರಗಳನ್ನು ಕಂಡುಕೊಳ್ಳುವುದು ಹೇಗೆ ಎಂಬುದನ್ನು ಕರ್ನಾಟಕದಲ್ಲಿ ಜಾರಿಯಲ್ಲಿರುವ ರಾಜ್ಯ ಮತ್ತು ಕೇಂದ್ರ ಯೋಜನೆಗಳನ್ನು ಇಟ್ಟುಕೊಂಡು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ನಿಮ್ಮ ಯೋಜನೆ ಅರ್ಹತೆಯನ್ನು ಅಳೆಯುವ ಬಗೆ ಯಾವುದು?

ಸರ್ಕಾರ ಒಬ್ಬರ ಆರ್ಥಿಕ ಸ್ಥಿತಿಯನ್ನು ಅಳೆಯುವುದಕ್ಕೆ ಮುಖ್ಯವಾಗಿ ಮೂರು ದಾರಿ ಹಿಡಿಯುತ್ತದೆ. ಒಂದು, ನೇರವಾಗಿ ಇಷ್ಟು ರೂಪಾಯಿ ಮೀರಬಾರದು ಎನ್ನುವುದು. ರಾಜ್ಯದ ಸಾಮಾಜಿಕ ಭದ್ರತಾ ಪಿಂಚಣಿಗಳು ಈ ಬಗೆಗೆ ಸೇರಿದವು. ಇವುಗಳಿಗೆ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪೋಷಕರ ಆದಾಯ ವರ್ಷಕ್ಕೆ 2.5 ಲಕ್ಷ ಮೀರಿರಬಾರದು ಎನ್ನುವುದೂ ಇದೇ ಬಗೆಯದು.

ಎರಡನೆಯದು, ಯಾರಿಗೆ ಇಲ್ಲ ಎಂಬ ಪಟ್ಟಿ ಮಾಡಿ ಉಳಿದವರಿಗೆಲ್ಲ ಕೊಡುವುದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಸಿಗುತ್ತದೆ. ಆಕೆ ಅಥವಾ ಆಕೆಯ ಪತಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ವಿವರ ಸಲ್ಲಿಸುವವರಾಗಿದ್ದರೆ ಸಿಗುವುದಿಲ್ಲ. ಇಲ್ಲಿ ಆದಾಯ ಪ್ರಮಾಣಪತ್ರದ ಮಾತೇ ಬರುವುದಿಲ್ಲ. ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಡುವ ಪಿಎಂ ಕಿಸಾನ್ ಕೂಡ ಹೀಗೆಯೇ. ಅಲ್ಲಿ ಜಮೀನಿನ ಅಳತೆಗೆ ಮೇಲ್ಮಿತಿ ಇಲ್ಲ. ಆದರೆ ತೆರಿಗೆ ಕಟ್ಟಿದವರು, ತಿಂಗಳಿಗೆ 10,000 ಅಥವಾ ಅದಕ್ಕಿಂತ ಹೆಚ್ಚು ನಿವೃತ್ತಿ ವೇತನ ಪಡೆಯುವವರು, ನೋಂದಾಯಿತ ವೈದ್ಯರು ಮತ್ತು ವಕೀಲರಂಥ ವೃತ್ತಿಪರರು ಹೊರಗುಳಿಯುತ್ತಾರೆ.

ಮೂರನೆಯದು, ಬೇರೊಂದು ದಾಖಲೆಯನ್ನೇ ಬಡತನದ ಸಾಕ್ಷಿಯೆಂದು ಒಪ್ಪಿಕೊಳ್ಳುವುದು. ನಮ್ಮಲ್ಲಿ ಆ ದಾಖಲೆ ಎಂದರೆ ಬಿಪಿಎಲ್ ಪಡಿತರ ಚೀಟಿ. ಕಾರ್ಡ್ ಇದ್ದರೆ ಅರ್ಧ ಬಾಗಿಲು ತೆರೆಯುತ್ತದೆ, ಕಾರ್ಡ್ ಹೋದರೆ ಒಟ್ಟಿಗೆ ನಾಲ್ಕೈದು ಸೌಲಭ್ಯ ಹೋಗುತ್ತವೆ. 2024ರ ನವೆಂಬರಿನಲ್ಲಿ ಕಾರ್ಡ್ ರದ್ದತಿಯ ವಿಷಯ ಅಷ್ಟು ದೊಡ್ಡ ಗಲಾಟೆಯಾಗಿದ್ದರ ಹಿಂದೆ ಇದ್ದದ್ದು ಅಕ್ಕಿಯ ಪ್ರಶ್ನೆ ಮಾತ್ರವಲ್ಲ. ಒಂದು ತಪಾಸಣೆಯ ಮೇಲೆ ಇಷ್ಟೊಂದು ಸೌಲಭ್ಯಗಳನ್ನು ನೇತುಹಾಕುವುದು ಆಡಳಿತಕ್ಕೆ ಅನುಕೂಲ, ಫಲಾನುಭವಿಗೆ ಅಪಾಯ ಎಂಬುದು ನನ್ನ ಅಭಿಪ್ರಾಯ.

ಯಾವ ಪರೀಕ್ಷೆಯೂ ಇಲ್ಲದ ಸೌಲಭ್ಯಗಳೂ ಇವೆ ಎಂಬುದನ್ನು ಮರೆಯಬಾರದು. 70 ವರ್ಷ ತುಂಬಿದ ಎಲ್ಲರಿಗೂ ಆದಾಯ ನೋಡದೆ ಆಯುಷ್ಮಾನ್ ಭಾರತ್ ಆರೋಗ್ಯ ರಕ್ಷಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ವಿಸ್ತರಿಸಿತು. ಇದಕ್ಕೆ ಆದಾಯ ಪ್ರಮಾಣಪತ್ರ ತನ್ನಿ ಎಂದು ಯಾರಾದರೂ ಕೇಳಿದರೆ ಅದು ತಪ್ಪು ಮಾಹಿತಿ.

ಎರಡನೆಯ ಹೆಜ್ಜೆ: ‘ಕುಟುಂಬ’ ಎಂದರೆ ಯಾರು ಯಾರು?

ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲಿ. ಒಂದೇ ಸೂರಿನ ಕೆಳಗೆ ಇರುವವರೆಲ್ಲ ಕುಟುಂಬ ಎಂಬುದು ನಮ್ಮ ಲೋಕರೂಢಿ. ಯೋಜನೆಗಳ ಕುಟುಂಬ ಬೇರೆ. ಪಿಎಂ ಕಿಸಾನ್‌ನಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ ಮತ್ತು 18 ತುಂಬದ ಮಕ್ಕಳು. ಆರ್ಥಿಕವಾಗಿ ದುರ್ಬಲ ವರ್ಗದ, ಅಂದರೆ ಇಡಬ್ಲ್ಯುಎಸ್ ಪ್ರಮಾಣಪತ್ರಕ್ಕೆ ಅರ್ಜಿದಾರ, ಅವರ ತಂದೆ ತಾಯಿ, ಪತಿ ಅಥವಾ ಪತ್ನಿ, 18 ತುಂಬದ ಸೋದರ ಸೋದರಿಯರು, 18 ತುಂಬದ ಮಕ್ಕಳು ಸೇರುತ್ತಾರೆ. ದುಡಿಯುವ ಅಣ್ಣ ಅದೇ ಮನೆಯಲ್ಲಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಪಡಿತರ ಚೀಟಿಯಲ್ಲಾದರೋ ಚೀಟಿಯಲ್ಲಿ ಹೆಸರಿರುವ ಎಲ್ಲರ ಆದಾಯವೂ ಒಟ್ಟಿಗೆ ಸೇರುತ್ತದೆ, ಆ ಒಟ್ಟು ವರ್ಷಕ್ಕೆ 1.20 ಲಕ್ಷ ಮೀರಿರಬಾರದು.

ಹಿರಿಯರಿಗೆ ತಿಂಗಳ ಪಿಂಚಣಿ ಕೊಡುವ ಸಂಧ್ಯಾ ಸುರಕ್ಷಾ ಯೋಜನೆಯ ವಿಷಯದಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ. 2007ರಲ್ಲಿ ರಾಜ್ಯ ಸರ್ಕಾರ 65 ವರ್ಷ ದಾಟಿದ ಸಣ್ಣ ಮತ್ತು ಅತಿಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು, ಅಸಂಘಟಿತ ವಲಯದ ಕೆಲಸಗಾರರಿಗೆಂದು ಇದನ್ನು ಆರಂಭಿಸಿದಾಗಲೇ, ನೋಡಬೇಕಾದದ್ದು ಅರ್ಜಿದಾರ ಮತ್ತು ಅವರ ಪತಿ ಅಥವಾ ಪತ್ನಿಯ ಒಟ್ಟು ಆದಾಯವನ್ನು ಎಂದು ನಿಯಮದಲ್ಲಿ ಹೇಳಿತ್ತು. ಆಗ ಮಿತಿ 20,000 ರೂಪಾಯಿ ಇತ್ತು. ಅಂದರೆ ದುಡಿಯುವ ಮಗನಿದ್ದಾನೆ ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ.

ನನ್ನ ದೊಡ್ಡಮ್ಮನ ಅರ್ಜಿಯಲ್ಲಿ ಆದದ್ದು ಇದೇ. ಅವರನ್ನು ಕೇಂದ್ರವೊಂದಕ್ಕೆ ಕರೆದುಕೊಂಡು ಹೋದವನು ನಾನೇ. “ಮನೆಯಲ್ಲಿ ಯಾರು ದುಡಿಯೋದು?” ಎಂದು ಕೇಳಿದರು. ದೊಡ್ಡಮ್ಮ ಹೆಮ್ಮೆಯಿಂದ ಮಗನ ಹೆಸರು ಹೇಳಿ, ತಿಂಗಳಿಗೆ 12,000 ತರುತ್ತಾನೆ ಎಂದರು. ಮೂರು ವಾರದ ಮೇಲೆ ಬಂದ ಪ್ರಮಾಣಪತ್ರದಲ್ಲಿ ಅವರ ವಾರ್ಷಿಕ ಆದಾಯ 1,44,000 ಎಂದು ಅಚ್ಚಾಗಿತ್ತು. ಕಾಗದ ಕೈಗೆ ಬಂದ ಖುಷಿಯಲ್ಲಿ ನಾನು ಅದನ್ನು ಓದಲೇ ಇಲ್ಲ, ಪಿಂಚಣಿ ಅರ್ಜಿಗೆ ಲಗತ್ತಿಸಿ ಕೊಟ್ಟುಬಿಟ್ಟೆ. ಅರ್ಜಿ ತಿರಸ್ಕೃತವಾಯಿತು. ಹೊಸದಾಗಿ ಅರ್ಜಿ ಹಾಕಿ, ಇದು ಮಗನ ಸಂಪಾದನೆಯೇ ಹೊರತು ಅವರದ್ದಲ್ಲ ಎಂದು ಬರೆದುಕೊಟ್ಟು, ಗ್ರಾಮ ಲೆಕ್ಕಿಗರನ್ನು ಮನೆಗೆ ಕರೆದು ತೋರಿಸಿ, ಸರಿಯಾದ ಪತ್ರ ಬರುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು. ಅರ್ಜಿ ತುಂಬುವವರ ಪ್ರಶ್ನೆಗೆ ಉತ್ತರಿಸುವ ಮೊದಲು “ಯಾವ ಯೋಜನೆಗೆ, ಯಾರ ಆದಾಯ ಬೇಕು?” ಎಂದು ನಾವು ತಿರುಗಿ ಕೇಳಿದ್ದರೆ ಆ ನಾಲ್ಕು ತಿಂಗಳು ಉಳಿಯುತ್ತಿತ್ತು.

ಕಾರ್ಡ್ ಬೇರೆ ಮಾಡಿಸುವ ಸಲಹೆಯ ಬಗ್ಗೆಯೂ ಇಲ್ಲಿಯೇ ಹೇಳಿಬಿಡಬೇಕು. ಅಪ್ಪ ಅಮ್ಮನ ಹೆಸರನ್ನು ಮಗನ ಕಾರ್ಡಿನಿಂದ ತೆಗೆಸಿ ಬೇರೆ ಕಾರ್ಡ್ ಮಾಡಿಸಿದರೆ ಎಲ್ಲ ಸಲೀಸು ಎಂದು ಪರಿಚಿತರು ಹೇಳುತ್ತಾರೆ. ನಿಜವಾಗಿಯೂ ಒಲೆ ಬೇರೆಯಾಗಿದ್ದರೆ ಅದು ಸರಿ. ಒಂದೇ ಅಡುಗೆಮನೆ ಇಟ್ಟುಕೊಂಡು ಕಾಗದದಲ್ಲಿ ಮಾತ್ರ ಬೇರೆಯಾದರೆ, ಸ್ಥಳ ಪರಿಶೀಲನೆಗೆ ಬಂದವರ ಮುಂದೆ ಅದು ನಿಲ್ಲುವುದಿಲ್ಲ. ಕೊನೆಗೆ ಎರಡೂ ಕಾರ್ಡಿಗೆ ಕುತ್ತು ಬರುತ್ತದೆ.

ಮೂರನೆಯ ಹೆಜ್ಜೆ: ಯಾವ ಆದಾಯ, ಯಾವ ವರ್ಷದ್ದು?

ಸಂಬಳದಾರರು ಇಲ್ಲಿ ಸಾಮಾನ್ಯವಾಗಿ ಮಾಡುವ ತಪ್ಪು ಕೈಗೆ ಬರುವ ಹಣವನ್ನು ಆದಾಯವೆಂದು ಹೇಳುವುದು. ಭವಿಷ್ಯನಿಧಿ, ಸಾಲದ ಕಂತು, ವಿಮೆ ಇವೆಲ್ಲ ಕಡಿತವಾಗುವ ಮೊದಲಿನ ಒಟ್ಟು ಸಂಬಳವೇ ಲೆಕ್ಕಕ್ಕೆ ಬರುವುದು. ಕಂತು ಕಟ್ಟಿ ಉಳಿಯುವುದು ಎಂಟು ಸಾವಿರವೇ ಆದರೂ ಸಂಬಳದ ಚೀಟಿಯಲ್ಲಿ ಹದಿನೆಂಟು ಸಾವಿರ ಇದ್ದರೆ ನಿಮ್ಮ ಆದಾಯ ಹದಿನೆಂಟು ಸಾವಿರ.

ಅಂಕಿ ಒಂದೇ ಇದ್ದು ಅರ್ಥ ಬೇರೆಯಾಗುವುದಕ್ಕೆ 8 ಲಕ್ಷಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 2019ರ 103ನೆಯ ಸಂವಿಧಾನ ತಿದ್ದುಪಡಿಯ ಮೂಲಕ ಬಂದ ಇಡಬ್ಲ್ಯುಎಸ್ ಮೀಸಲಾತಿಗೆ ಕೇಂದ್ರದ ನಿಯಮದಲ್ಲಿ ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಇರಬೇಕು. ಸಂಬಳ, ಬೇಸಾಯ, ವ್ಯಾಪಾರ, ವೃತ್ತಿ ಎಲ್ಲವೂ ಇದರಲ್ಲಿ ಸೇರುತ್ತವೆ, ಮತ್ತು ನೋಡುವುದು ಅರ್ಜಿ ಹಾಕುವ ವರ್ಷದ ಹಿಂದಿನ ಹಣಕಾಸು ವರ್ಷವನ್ನು. ಕೇಂದ್ರದ ಹಿಂದುಳಿದ ವರ್ಗಗಳ ಕೆನೆಪದರಕ್ಕೂ, ಅಂದರೆ ಆ ವರ್ಗಗಳಲ್ಲಿ ಮೀಸಲಾತಿ ಸಿಗದ ಅನುಕೂಲಸ್ಥರ ವಿಭಾಗಕ್ಕೂ, 2017ರಿಂದ ಮಿತಿ 8 ಲಕ್ಷವೇ. ಆದರೆ ಅಲ್ಲಿ ಆದಾಯದ ಪರೀಕ್ಷೆಗೆ ಸಂಬಳವನ್ನೂ ಬೇಸಾಯದ ವರಮಾನವನ್ನೂ ಸೇರಿಸುವುದಿಲ್ಲ, ಮತ್ತು ಸತತ ಮೂರು ವರ್ಷದ ಆದಾಯವನ್ನು ನೋಡಲಾಗುತ್ತದೆ. ಒಬ್ಬ ಅರ್ಜಿದಾರನ ತಂದೆಗೆ ಸಂಬಳ 9 ಲಕ್ಷ ಇದ್ದು ಬೇರೆ ಆದಾಯ ಇಲ್ಲದಿದ್ದರೆ ಇಡಬ್ಲ್ಯುಎಸ್ ಲೆಕ್ಕದಲ್ಲಿ ಆ ಕುಟುಂಬ ಹೊರಗುಳಿಯುತ್ತದೆ. ಕೆನೆಪದರದಲ್ಲಿ ಆ ಸಂಬಳ ಆದಾಯದ ಪರೀಕ್ಷೆಗೆ ಬರುವುದಿಲ್ಲ, ತಂದೆಯ ಹುದ್ದೆಯ ದರ್ಜೆಯನ್ನು ಬೇರೆಯಾಗಿ ನೋಡಲಾಗುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ಅರ್ಜಿ ಬಿಟ್ಟವರೂ ಇದ್ದಾರೆ, ತಪ್ಪು ಅರ್ಜಿ ಹಾಕಿದವರೂ ಇದ್ದಾರೆ.

ಈಗ ಬೇಸಾಯದ ಮನೆಯೊಂದರ ಲೆಕ್ಕವನ್ನು ಹತ್ತಿರದಿಂದ ನೋಡೋಣ. 67 ವರ್ಷದ ವಿಧವೆಯೊಬ್ಬರು ಇದ್ದಾರೆಂದು ಇಟ್ಟುಕೊಳ್ಳಿ. ಹೆಸರಿನಲ್ಲಿ ಎರಡು ಎಕರೆ ಖುಷ್ಕಿ ಜಮೀನು. ತಾವು ಮಾಡಲಾಗದೆ ವರ್ಷಕ್ಕೆ 8,000 ರೂಪಾಯಿಗೆ ಗುತ್ತಿಗೆ ಕೊಟ್ಟಿದ್ದಾರೆ. ಒಂದು ಹಸು ಇದೆ. ಡೇರಿಯ ಪಾಸ್‌ಬುಕ್ ಪ್ರಕಾರ ವರ್ಷಕ್ಕೆ, ಸರ್ಕಾರದ ಪ್ರೋತ್ಸಾಹಧನವೂ ಸೇರಿ, 46,000 ರೂಪಾಯಿ ಬಂದಿದೆ. ಬೂಸಾ, ಹಿಂಡಿ, ಒಣಹುಲ್ಲು, ಪಶುವೈದ್ಯರ ಖರ್ಚು ಎಲ್ಲ ಸೇರಿ 30,000 ಹೋಗಿದೆ. ಉಳಿದದ್ದು 16,000. ಗುತ್ತಿಗೆಯ ಹಣ ಸೇರಿಸಿದರೆ ಅವರ ಆದಾಯ 24,000. ಪಿಂಚಣಿಯ 32,000 ಮಿತಿಯೊಳಗೆ ಇದು ಬರುತ್ತದೆ. ಆದರೆ ಪಾಸ್‌ಬುಕ್ಕಿನ 46,000ವನ್ನೇ ಆದಾಯವೆಂದು ಬರೆಸಿದ್ದರೆ 54,000 ಆಗಿ ಅರ್ಜಿ ಬಿದ್ದುಹೋಗುತ್ತಿತ್ತು. ಖರ್ಚು ಕಳೆದು ತೋರಿಸಬೇಕೆಂದರೆ ಖರ್ಚಿಗೂ ಚೀಟಿ ಇರಬೇಕು. ಬೂಸಾ ಮೂಟೆಯ ರಸೀದಿಯನ್ನು ನಾವು ಎಸೆಯುತ್ತೇವೆ, ಅದೇ ಇಲ್ಲಿ ಸಾಕ್ಷಿ.

ಇದೇ ಅಜ್ಜಿ ಆಟೋ ಓಡಿಸುವ ಮಗನ ಜೊತೆ ಇದ್ದು, ಅವನ ಸಂಪಾದನೆ ತಿಂಗಳಿಗೆ 15,000 ಎಂದಿಟ್ಟುಕೊಳ್ಳಿ. ಮಗನ ಕಾರ್ಡಿನಲ್ಲಿ ಇವರ ಹೆಸರೂ ಇದ್ದರೆ ಒಟ್ಟು 2,04,000 ಆಗಿ ಬಿಪಿಎಲ್ ಮಿತಿ ಮೀರುತ್ತದೆ. ಸಂಧ್ಯಾ ಸುರಕ್ಷಾಕ್ಕೆ ಅರ್ಹರಾದ ವ್ಯಕ್ತಿ ಬಿಪಿಎಲ್ ಕಾರ್ಡಿಗೆ ಅನರ್ಹ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ; ಒಂದು ವ್ಯಕ್ತಿಯನ್ನು ನೋಡುತ್ತದೆ, ಇನ್ನೊಂದು ಮನೆಯನ್ನು.

32,000 ಎಂಬ ಮಿತಿಯ ಬಗ್ಗೆ ಒಂದು ಮಾತು. ಇದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 2,667 ರೂಪಾಯಿ ಆಗುತ್ತದೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಒಬ್ಬರು 87 ದಿನ ಕೂಲಿ ಮಾಡಿದರೆ ಈ ಮಿತಿ ದಾಟುತ್ತಾರೆ. ನೂರು ದಿನ ಪೂರೈಸಿದರೆ 37,000. ಒಂದು ಯೋಜನೆಯ ಅಡಿಯಲ್ಲಿ ಸರ್ಕಾರವೇ ಕೊಟ್ಟ ಕೂಲಿ ಇನ್ನೊಂದು ಯೋಜನೆಯಲ್ಲಿ ಅದೇ ವ್ಯಕ್ತಿಯನ್ನು ‘ಬಡವರಲ್ಲ’ ಎಂದು ತೋರಿಸುತ್ತದೆ. ಮಿತಿಯನ್ನು ಬೆಲೆಯೇರಿಕೆಗೆ ತಕ್ಕಂತೆ ತಾನಾಗಿ ಏರುವಂತೆ ಕಟ್ಟದಿದ್ದರೆ ಹೀಗೆಯೇ ಆಗುವುದು. ಇದು ಬದಲಾಗಬೇಕೆಂದು ನಾನು ನಂಬಿದ್ದರೂ, ಬದಲಾಗುವ ತನಕ ಸುಳ್ಳು ಬರೆಸಿ ಎಂದು ಹೇಳಲಾರೆ. ಕೂಲಿಯ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುವ ಕಾಲದಲ್ಲಿ ಆ ಸುಳ್ಳು ಉಳಿಯುವುದೂ ಕಷ್ಟ.

ನಾಲ್ಕನೆಯ ಹೆಜ್ಜೆ: ಆದಾಯದ ಜೊತೆಗೆ ಆಸ್ತಿ

ಆದಾಯ ಕಡಿಮೆ ಇದ್ದು ಆಸ್ತಿ ಹೆಚ್ಚಿದ್ದರೂ ಅರ್ಜಿ ನಿಲ್ಲಬಹುದು. ಬಿಪಿಎಲ್ ಚೀಟಿಗೆ ರಾಜ್ಯದ ಮಾನದಂಡದಲ್ಲಿ ಏಳೂವರೆ ಎಕರೆ, ಅಂದರೆ ಮೂರು ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು ಇರಬಾರದು. ನಗರದಲ್ಲಿ 1,000 ಚದರ ಅಡಿಗಿಂತ ದೊಡ್ಡ ಸ್ವಂತ ಪಕ್ಕಾ ಮನೆ ಇರಬಾರದು. ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನ ಇರಬಾರದು. ಜೀವನೋಪಾಯಕ್ಕೆ ಓಡಿಸುವ ಒಂದು ಟ್ಯಾಕ್ಸಿಯೋ ಟ್ರ್ಯಾಕ್ಟರೋ ಇದ್ದರೆ ಅದು ಬೇರೆ ಮಾತು. ಇಡಬ್ಲ್ಯುಎಸ್‌ಗೆ ಐದು ಎಕರೆ ಕೃಷಿಭೂಮಿ, 1,000 ಚದರ ಅಡಿಯ ಫ್ಲಾಟ್, ಅಧಿಸೂಚಿತ ಪುರಸಭೆಗಳ ವ್ಯಾಪ್ತಿಯಲ್ಲಿ 100 ಚದರ ಗಜದ ಮತ್ತು ಇತರೆಡೆ 200 ಚದರ ಗಜದ ವಸತಿ ನಿವೇಶನ ಎಂಬ ಮಿತಿಗಳಿವೆ. ಇವುಗಳಲ್ಲಿ ಯಾವುದೇ ಒಂದನ್ನು ಮುಟ್ಟಿದರೂ, ಆದಾಯ ಎಷ್ಟೇ ಕಡಿಮೆ ಇದ್ದರೂ, ಕೇಂದ್ರದ ನಿಯಮದಂತೆ ಅನರ್ಹತೆ ಬರುತ್ತದೆ.

ಸಂಧ್ಯಾ ಸುರಕ್ಷಾದ ಮೂಲ ನಿಯಮದಲ್ಲಿ ಗಂಡ ಹೆಂಡತಿಯ ಒಟ್ಟು ಬ್ಯಾಂಕ್ ಠೇವಣಿ 10,000 ರೂಪಾಯಿ ಮೀರಬಾರದು ಎಂಬ ಷರತ್ತೂ ಇತ್ತು. ವಯಸ್ಸಾದವರ ಖಾತೆಯಲ್ಲಿ ಮಗಳ ಮದುವೆಗೆಂದೋ ಆಸ್ಪತ್ರೆ ಖರ್ಚಿಗೆಂದೋ ಮಕ್ಕಳು ತಂದಿಟ್ಟ ಹಣ ಇದ್ದರೆ ಕಾಗದದಲ್ಲಿ ಅದು ಅವರದೇ ಹಣ. ಅಂಥ ವ್ಯವಹಾರಕ್ಕೆ ಅವರ ಖಾತೆಯನ್ನು ಬಳಸದಿರುವುದು ಒಳ್ಳೆಯದು.

ಪೌತಿಯಾದವರ, ಅಂದರೆ ತೀರಿಕೊಂಡವರ, ಹೆಸರಿನಲ್ಲೇ ಉಳಿದಿರುವ ಪಹಣಿ ಇನ್ನೊಂದು ತೊಡಕು. ಅಜ್ಜನ ಹೆಸರಿನಲ್ಲಿ ಹನ್ನೆರಡು ಎಕರೆ ಇದ್ದು, ನಾಲ್ಕು ಜನ ಮಕ್ಕಳು ಬಾಯಿಮಾತಿನಲ್ಲಿ ಹಂಚಿಕೊಂಡಿದ್ದರೆ, ನಿಮ್ಮ ಪಾಲು ಮೂರೇ ಎಕರೆ ಎಂದು ಹೇಳಲು ದಾಖಲೆ ಇರುವುದಿಲ್ಲ. ವಂಶವೃಕ್ಷ ಮಾಡಿಸಿ ಪೌತಿ ಖಾತೆ ಬದಲಾವಣೆ ಮುಗಿಸಿಕೊಂಡರೆ ಈ ಒಂದೇ ಕೆಲಸದಿಂದ ಹಲವು ಯೋಜನೆಗಳ ದಾರಿ ಸರಿಯಾಗುತ್ತದೆ.

ಐದನೆಯ ಹೆಜ್ಜೆ: ಪ್ರಮಾಣಪತ್ರ ಪಡೆಯುವುದು

ಆಧಾರ್, ಪಡಿತರ ಚೀಟಿ, ಸಂಬಳದಾರರಾದರೆ ಸಂಬಳ ಪ್ರಮಾಣಪತ್ರ, ಜಮೀನಿದ್ದರೆ ಪಹಣಿ, ಜೊತೆಗೆ ನಿಮ್ಮ ಆದಾಯದ ಸ್ವಯಂ ಘೋಷಣೆ. ಅಟಲ್‌ಜೀ ಜನಸ್ನೇಹಿ ಕೇಂದ್ರ ಎಂಬ ಫಲಕವಿರುವ ನಾಡಕಚೇರಿಯಲ್ಲಿ, ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರಗಳಲ್ಲಿ, ಇಲ್ಲವೇ ಮನೆಯಿಂದಲೇ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಬಹುದು. ಅರ್ಜಿ ಗ್ರಾಮ ಲೆಕ್ಕಿಗರ, ಅಂದರೆ ಈಗಿನ ಹೆಸರಿನಲ್ಲಿ ಗ್ರಾಮ ಆಡಳಿತ ಅಧಿಕಾರಿಯ ವರದಿಗೆ ಹೋಗಿ, ಕಂದಾಯ ನಿರೀಕ್ಷಕರನ್ನು ದಾಟಿ, ತಹಶೀಲ್ದಾರ್ ಅಥವಾ ಉಪ ತಹಶೀಲ್ದಾರರ ಡಿಜಿಟಲ್ ಸಹಿಗೆ ಬರುತ್ತದೆ. ಈ ಸರಪಳಿಯಲ್ಲಿ ನಿರ್ಣಾಯಕವಾದದ್ದು ಮೊದಲ ವರದಿ. ನಿಮ್ಮ ಆದಾಯದ ಲೆಕ್ಕವನ್ನು ಅರ್ಧ ಹಾಳೆಯಲ್ಲಿ, ಮೂಲ ಮತ್ತು ಮೊತ್ತ ಬರೆದು, ಸಹಿ ಹಾಕಿ ಅವರ ಕೈಗೆ ಕೊಟ್ಟರೆ ಅವರು ಊಹೆಯ ಮೇಲೆ ಅಂಕಿ ಹಾಕುವ ಸಂದರ್ಭ ತಪ್ಪುತ್ತದೆ.

ಅರ್ಜಿ ಕೊಟ್ಟಾಗ ಸಿಗುವ ರಸೀದಿಯನ್ನು ಜೋಪಾನ ಮಾಡಿ. ಸೇವೆಗೆ ಗಡುವು ಗೊತ್ತುಮಾಡುವ ಕರ್ನಾಟಕದ ಸಕಾಲ ಕಾಯ್ದೆ 2011ರದ್ದು. ಆ ರಸೀದಿಯಲ್ಲಿ ಸಕಾಲ ಸಂಖ್ಯೆ ಇರುತ್ತದೆ. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರವನ್ನೂ ಕೇಳಬಹುದು. ಮೊತ್ತ ಸಣ್ಣದು. ಆದರೆ ವಿಳಂಬ ಮಾಡಿದ ಅಧಿಕಾರಿಯ ಹೆಸರಿನಲ್ಲಿ ಅದು ದಾಖಲಾಗುವುದರಿಂದ ಮನವಿ ಬಿದ್ದೊಡನೆ ಕಡತ ಅಲುಗಾಡುತ್ತದೆ.

ಪತ್ರ ಬಂದೊಡನೆ, ನಾನು ಮಾಡಿದ ತಪ್ಪು ಮಾಡದೆ, ಅಲ್ಲೇ ನಿಂತು ಓದಿ. ಹೆಸರಿನ ಅಕ್ಷರ ಆಧಾರಿನಲ್ಲಿ ಇದ್ದಂತೆಯೇ ಇದೆಯೇ, ಮೊತ್ತದಲ್ಲಿ ಸೊನ್ನೆ ಹೆಚ್ಚುಕಡಿಮೆಯಾಗಿದೆಯೇ, ಅಂಕಿಯಲ್ಲಿರುವುದೂ ಅಕ್ಷರದಲ್ಲಿರುವುದೂ ಒಂದೇ ಇದೆಯೇ ನೋಡಿ. ಆರ್‌ಡಿ ಎಂದು ಆರಂಭವಾಗುವ ಸಂಖ್ಯೆಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಮುಂದಿನ ಆನ್‌ಲೈನ್ ಅರ್ಜಿಗಳಲ್ಲಿ ಕಾಗದಕ್ಕಿಂತ ಹೆಚ್ಚಾಗಿ ಕೇಳುವುದು ಆ ಆರ್‌ಡಿ ನಂಬರನ್ನೇ.

ಆರನೆಯ ಹೆಜ್ಜೆ: ಸರಿಯಾದ ಪಿಂಚಣಿಯನ್ನು ಆರಿಸಿಕೊಳ್ಳುವುದು

ಒಬ್ಬರಿಗೆ ಒಂದೇ ಸಾಮಾಜಿಕ ಭದ್ರತಾ ಪಿಂಚಣಿ ಸಿಗುವುದರಿಂದ ಯಾವುದಕ್ಕೆ ಅರ್ಜಿ ಹಾಕುತ್ತೀರಿ ಎಂಬುದು ಮುಖ್ಯ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ 60 ವರ್ಷಕ್ಕೇ ಸಿಗುತ್ತದೆ, ಆದರೆ ಬಿಪಿಎಲ್ ಕುಟುಂಬ ಎಂಬ ಷರತ್ತಿದೆ. 1995ರ ಆಗಸ್ಟ್ 15ರಂದು ಆರಂಭವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ಭಾಗವಿದು. ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ, 80ರ ನಂತರ 500 ರೂಪಾಯಿ ಮಾತ್ರ, ಉಳಿದದ್ದನ್ನು ರಾಜ್ಯ ತುಂಬುತ್ತದೆ. ಸಂಧ್ಯಾ ಸುರಕ್ಷಾಕ್ಕೆ 65 ಆಗಬೇಕು. 2021ರ ಜುಲೈನಲ್ಲಿ ರಾಜ್ಯ ಸರ್ಕಾರ ಇದರ ಮೊತ್ತವನ್ನು 1,000ದಿಂದ 1,200ಕ್ಕೂ, ವಿಧವಾ ವೇತನವನ್ನು 600ರಿಂದ 800ಕ್ಕೂ ಏರಿಸುವುದಾಗಿ ಪ್ರಕಟಿಸಿತು. ಮೇಲಿನ ಉದಾಹರಣೆಯ ವಿಧವೆ ಈ ಹಿಂದೆಯೇ ವಿಧವಾ ವೇತನ ಪಡೆಯುತ್ತಿದ್ದರೆ, 65 ದಾಟಿದ ಮೇಲೆ ಸಂಧ್ಯಾ ಸುರಕ್ಷಾಕ್ಕೆ ಬದಲಾಯಿಸಿಕೊಂಡರೆ ತಿಂಗಳಿಗೆ 400 ರೂಪಾಯಿ ಹೆಚ್ಚು ಸಿಗುತ್ತದೆ. ಈ ಬದಲಾವಣೆ ತಾನಾಗಿ ಆಗುತ್ತದೆಂದು ಕಾಯುತ್ತಾ ಕೂರಬೇಡಿ. ನಾಡಕಚೇರಿಯಲ್ಲಿ ನೀವೇ ಕೇಳಿ.

40ರಿಂದ 64ರ ನಡುವಿನ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗೆ ಮನಸ್ವಿನಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಮೈತ್ರಿ ಯೋಜನೆಗಳಿವೆ. ಅಂಗವಿಕಲರ ಪಿಂಚಣಿಯಲ್ಲಿ ಮೊತ್ತ ನಿರ್ಧಾರವಾಗುವುದು ವೈಕಲ್ಯದ ಶೇಕಡಾವಾರಿನ ಮೇಲೆ; ಶೇ 40 ಕನಿಷ್ಠ, ಶೇ 75ರ ಆಚೆಗೆ ಮೊತ್ತ ಹೆಚ್ಚು.

ಏಳನೆಯ ಹೆಜ್ಜೆ: ತಿರಸ್ಕಾರವಾದರೆ, ಹಣ ನಿಂತರೆ

ಮೊದಲು ಕಾರಣವನ್ನು ಲಿಖಿತವಾಗಿ ಪಡೆಯಿರಿ. “ಆಗಲ್ಲ ಅಂದರು” ಎಂಬುದು ಕಾರಣವಲ್ಲ. ಕಾರಣ ಕೊಡಲು ಒಪ್ಪದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. 30 ದಿನದಲ್ಲಿ ಉತ್ತರ ಬರಬೇಕು, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಆದಾಯದ ಅಂಕಿಯೇ ತಪ್ಪಿದ್ದರೆ ಮೊದಲು ತಹಶೀಲ್ದಾರರಿಗೆ ಮನವಿ, ಅಲ್ಲಿ ಆಗದಿದ್ದರೆ ಉಪವಿಭಾಗಾಧಿಕಾರಿಯವರಿಗೆ ಮೇಲ್ಮನವಿ. ಹಿಂಬರಹದಲ್ಲಿ, ಅಂದರೆ ಕಚೇರಿ ಕೊಡುವ ಲಿಖಿತ ಉತ್ತರದಲ್ಲಿ, ಕಾಣಿಸಿದ ಕಾರಣಕ್ಕೆ ಮಾತ್ರ ಉತ್ತರ ಕೊಡಿ, ಕಷ್ಟದ ಕತೆಯನ್ನೆಲ್ಲ ಬರೆಯಬೇಕಿಲ್ಲ. ಅಧಿಕಾರಿಗೆ ಬೇಕಾದದ್ದು ಆ ಅಂಕಿಯನ್ನು ಬದಲಿಸಲು ಆಧಾರವಾಗುವ ಒಂದು ದಾಖಲೆ.

ಗೃಹಲಕ್ಷ್ಮಿಯಲ್ಲಿ ಆಗುವ ತಿರಸ್ಕಾರ ಬೇರೆ ರೀತಿಯದು. ಸಾಲ ಬೇಕೆಂದು ಯಾರೋ ಹೇಳಿದ್ದಕ್ಕೆ ಒಮ್ಮೆ ಆದಾಯ ತೆರಿಗೆ ವಿವರ ಸಲ್ಲಿಸಿದವರು, ಅಂಗಡಿ ಇಡುವ ಯೋಚನೆಯಲ್ಲಿ ಜಿಎಸ್‌ಟಿ ಸಂಖ್ಯೆ ಮಾಡಿಸಿ ಆಮೇಲೆ ವ್ಯಾಪಾರವನ್ನೇ ಮಾಡದವರು, ದತ್ತಾಂಶದಲ್ಲಿ ತೆರಿಗೆದಾರರಾಗಿ ಕಾಣಿಸುತ್ತಾರೆ. ಒಂದು ರೂಪಾಯಿ ತೆರಿಗೆ ಕಟ್ಟದೆಯೂ ಅನರ್ಹರೆಂಬ ಪಟ್ಟ. ವಿವರ ಸಲ್ಲಿಸುವುದಕ್ಕೂ ತೆರಿಗೆ ಕಟ್ಟುವುದಕ್ಕೂ ವ್ಯತ್ಯಾಸ ಇದೆ ಎಂಬುದನ್ನು ತೋರಿಸಲು ಆದಾಯ ತೆರಿಗೆ ಪೋರ್ಟಲ್‌ನಿಂದ ಆಯಾ ವರ್ಷದ ಸ್ವೀಕೃತಿ ಪತ್ರವನ್ನು ಮುದ್ರಿಸಿ, ತೆರಿಗೆಯ ಕಲಂನಲ್ಲಿ ಸೊನ್ನೆ ಇರುವುದನ್ನು ಗುರುತು ಮಾಡಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಮನವಿಯೊಂದಿಗೆ ಕೊಡಿ. ಬಳಸದ ಜಿಎಸ್‌ಟಿ ನೋಂದಣಿಯನ್ನು ಮೊದಲು ರದ್ದುಪಡಿಸಿ. ರದ್ದತಿಯ ಆದೇಶವಿಲ್ಲದೆ ಬಾಯಿಮಾತಿನ ವಿವರಣೆಗೆ ಬೆಲೆಯಿಲ್ಲ.

ಮಂಜೂರಾತಿ ಆದೇಶ ಕೈಯಲ್ಲಿದ್ದೂ ಹಣ ಬರದಿದ್ದರೆ ಅದು ಬಹುಪಾಲು ಆದಾಯದ ಸಮಸ್ಯೆಯಲ್ಲ, ಬ್ಯಾಂಕಿನದ್ದು. ನೇರ ನಗದು ವರ್ಗಾವಣೆಯ ಹಣ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೇ ಹೋಗುತ್ತದೆ. ಸ್ವಸಹಾಯ ಸಂಘಕ್ಕೆಂದು ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದಾಗ ಅಲ್ಲಿ ಆಧಾರ್ ಜೋಡಣೆಗೆ ಸಹಿ ಹಾಕಿದ್ದರೆ, ಪಿಂಚಣಿ ಹಳೆಯ ಪಾಸ್‌ಬುಕ್ಕಿನಲ್ಲಿ ಕಾಣದೆ ಹೊಸ ಖಾತೆಯಲ್ಲಿ ಕೂತಿರುತ್ತದೆ. ಕಚೇರಿಗೆ ಅಲೆಯುವ ಮೊದಲು ಬ್ಯಾಂಕಿನಲ್ಲಿ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ನೇರ ವರ್ಗಾವಣೆಗೆಂದು ಆಧಾರ್‌ಗೆ ಖಾತೆ ಜೋಡಿಸಿದ ದಾಖಲೆ, ಯಾವ ಖಾತೆಗೆ ಆಗಿದೆ ಎಂದು ಕೇಳಿ.

ಪರಿಸ್ಥಿತಿ ಬದಲಾದಾಗ, ಅಂದರೆ ಮರುಮದುವೆಯಾದಾಗ, ಸರ್ಕಾರಿ ಕೆಲಸ ಸಿಕ್ಕಾಗ, ಕುಟುಂಬ ಪಿಂಚಣಿ ಆರಂಭವಾದಾಗ, ನೀವೇ ನಾಡಕಚೇರಿಗೆ ಬರೆದು ತಿಳಿಸಿ ಸ್ವೀಕೃತಿ ಪಡೆಯಿರಿ. ತಿಳಿಸದೆ ಪಡೆದ ಹಣವನ್ನು ವರ್ಷಗಳ ನಂತರವೂ ವಾಪಸು ಕೇಳಬಹುದು. ಫಲಾನುಭವಿ ತೀರಿಕೊಂಡ ಮೇಲೆ ಖಾತೆಗೆ ಬಿದ್ದ ಪಿಂಚಣಿಯನ್ನು ಎಟಿಎಂ ಕಾರ್ಡ್ ಹಾಕಿ ತೆಗೆದ ಮನೆಯವರಿಗೂ ಇದೇ ಅನ್ವಯಿಸುತ್ತದೆ. ವಾರ್ಷಿಕ ಪರಿಶೀಲನೆಗೆ ಗ್ರಾಮ ಆಡಳಿತ ಅಧಿಕಾರಿ ಬಂದಾಗ ಮನೆಗೆ ಬೀಗ ಇದ್ದರೆ ‘ವಿಳಾಸದಲ್ಲಿ ಇಲ್ಲ’ ಎಂದು ಷರಾ ಬೀಳುವ ಸಂಭವವಿದೆ. ಮಗಳ ಮನೆಗೆ ಎರಡು ತಿಂಗಳು ಹೋಗುವ ಹಿರಿಯರು ಹೊರಡುವ ಮೊದಲು ಅವರಿಗೆ ಒಂದು ಮಾತು ತಿಳಿಸಿ ಹೋಗುವುದು ಒಳ್ಳೆಯದು.